ಮುಚ್ಚಳ ಎತ್ತಿದವನು

ಬೆಲ್ಮಾಂಟ್, ಪೋರ್ಟ್ ಆಫ್ ಸ್ಪೇನ್
ಶುಕ್ರವಾರ, ೯ ಜುಲೈ ೧೯೭೧

ಪ್ರೀತಿಯ ಅಣ್ಣಾ,

ಈ ಕಾಗದವನ್ನು ನಿನ್ನ ಕೈಗೆ ಕೊಟ್ಟ ಮನುಷ್ಯನನ್ನು ಮೊದಲು ನೆರಳಿನಲ್ಲಿ ಕೂರಿಸು, ಕುಡಿಯಲು ಏನಾದರೂ ಕೊಡು, ಆಮೇಲೆ ಓದಲು ಶುರುಮಾಡು. ಹಡಗಿನ ಪ್ರಯಾಣ ಅವನಿಗೆ ಆಗದು. ಹೊಟ್ಟೆ ತೊಳಸಿ ತೊಳಸಿ ಮುಖ ಸುಟ್ಟ ಬದನೆಕಾಯಿ ಆಗಿರುತ್ತದೆ. ಅದೇ ಅವನ ಮುಖವೆಂದು ತಿಳಿಯಬೇಡ, ಎರಡು ದಿನ ಬಿಟ್ಟು ನೋಡು.

ನೀನು ಹೇಗಿದ್ದೀಯ? ಮೊಣಕಾಲು ನೋವು ಇಳಿಯಿತೇ? ಮಲಗುವ ಮುಂಚೆ ಜಾಯಿಕಾಯಿ ಎಣ್ಣೆ ಹಚ್ಚಿ ತಿಕ್ಕು ಎಂದು ಬರೆದಿದ್ದೆ. ಹಚ್ಚಿರುವುದಿಲ್ಲ, ನನಗೆ ಗೊತ್ತು. ಜಾಯಿಕಾಯಿ ಬೆಳೆಯುವ ಗ್ರೆನಾಡಾದಲ್ಲಿ ಹುಟ್ಟಿ ಅಂಗಡಿಯ ಡಬ್ಬಿ ಔಷಧಿಯನ್ನು ನಂಬುವವನು ನೀನೊಬ್ಬನೇ. ಫಿಲೋಮಿನ್ ಅತ್ತಿಗೆ ಹೇಗಿದ್ದಾರೆ? ಈಗಲೂ ಕೂತಲ್ಲೇ ತೂಕಡಿಸುತ್ತಾರೆಯೇ? ಅವರ ಆ ನಿದ್ದೆಗೆ ನಾವೆಲ್ಲ ಕೈ ಮುಗಿಯಬೇಕು. ಏಕೆಂದು ನಿನಗೂ ಗೊತ್ತಿದೆ, ಮುಂದೆ ಮತ್ತೆ ನೆನಪಿಸುತ್ತೇನೆ. ನಾನು ಚೆನ್ನಾಗಿದ್ದೇನೆ. ಕಣ್ಣು ಮಾತ್ರ ಸೂಜಿಗೆ ದಾರ ಪೋಣಿಸುವಾಗ ಕೈ ಕೊಡುತ್ತದೆ. ಶಾಲೆ ಮಕ್ಕಳ ಸಮವಸ್ತ್ರದ ಹೊಲಿಗೆ ಶುರುವಾಗಿದೆ, ಮನೆ ತುಂಬ ನೀಲಿ ಬಟ್ಟೆ. ನಿನ್ನೆ ಸಾರಿನಲ್ಲೂ ಒಂದು ನೀಲಿ ಎಳೆ ಸಿಕ್ಕಿತು.

ವಿಷಯಕ್ಕೆ ಬರುತ್ತೇನೆ, ಇಲ್ಲವಾದರೆ ನೀನು ಕೊನೆಯ ಹಾಳೆಗೆ ಹಾರುತ್ತೀಯ. ನಿನ್ನ ಎದುರು ಕೂತಿರುವವನ ಹೆಸರು ಹರಿಲಾಲ್ ಸೂಕ್‌ದೇವ್. ಇಲ್ಲಿ ಸವಾನ್ನಾ ಮೈದಾನದ ಪಕ್ಕದಲ್ಲಿ ಗಾಡಿ ನಿಲ್ಲಿಸಿಕೊಂಡು ಎಳನೀರು ಮಾರುತ್ತಾನೆ. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾದವು, ಮಗಳು ಮದುವೆಯಾಗಿ ದೂರದಲ್ಲಿದ್ದಾಳೆ. ನನ್ನನ್ನು ಮದುವೆಯಾಗುತ್ತೇನೆ ಎನ್ನುತ್ತಾನೆ. ನನಗೂ ಮನಸ್ಸಿದೆ. ನಲವತ್ತು ದಾಟಿದ ಮೇಲೆ ಇವಳಿಗೇನು ಬಂತು ಎಂದು ನೀನು ಹುಬ್ಬು ಗಂಟಿಕ್ಕುವುದು ಇಲ್ಲಿಂದಲೇ ಕಾಣುತ್ತಿದೆ. ಗಂಟಿಕ್ಕು, ಆದರೆ ಓದುವುದನ್ನು ನಿಲ್ಲಿಸಬೇಡ. ಅವನ ಪೂಜೆ ಅವನಿಗೆ, ನನ್ನ ಚರ್ಚು ನನಗೆ, ಅದರಲ್ಲಿ ತಕರಾರಿಲ್ಲ. ಆದರೆ ನೀನು ಒಪ್ಪದೆ ನಾನು ಮದುವೆಯಾಗುವುದಿಲ್ಲ; ಅಮ್ಮ ಹೋದ ಮೇಲೆ ನನ್ನ ತಲೆ ಬಾಚಿ ಜಡೆ ಹಾಕಿ ಶಾಲೆಗೆ ಕಳಿಸಿದವನು ನೀನು. ಜಡೆ ಸೊಟ್ಟಗಿರುತ್ತಿತ್ತು, ಅದು ಬೇರೆ ಮಾತು. ಹರಿಲಾಲನಿಗೂ ಇದನ್ನು ಹೇಳಿದ್ದೇನೆ. ‘ಹಂಗಾದ್ರೆ ನಾನೇ ಹೋಗಿ ಕೇಳ್ತೀನಿ, ಅದ್ರಲ್ಲೇನು’ ಎಂದ. ಸಮುದ್ರಕ್ಕೆ ಹೆದರುವವನು ಹೀಗೆ ಹೇಳಿದ್ದು ದೊಡ್ಡದೇ. ಈಗ ‘ಅವನು’ ಎಂದೇ ಬರೆಯುತ್ತೇನೆ. ನೀನು ಒಪ್ಪಿದ ಮೇಲೆ ‘ಅವರು’ ಎಂದು ಮರ್ಯಾದೆ ಕೊಟ್ಟರಾಯಿತು.

ಲಕೋಟೆಯ ಬಾಯಿಗೆ ಅಂಟು ಹಾಕದೆ ಕೆಂಪು ದಾರದಲ್ಲಿ ಹೊಲಿಗೆ ಹಾಕಿದ್ದನ್ನು ನೋಡಿದೆಯಾ? ಬೇಕೆಂದೇ ಹಾಕಿದ್ದು. ಇವನಿಗೆ ಮುಚ್ಚಿದ್ದನ್ನು ತೆರೆದು ನೋಡುವ ಚಟವಿದೆ. ಹೊಲಿಗೆ ನಾನು ಹಾಕಿದಂತೆಯೇ ಇದ್ದರೆ ಅವನ ಪಾಲಿಗೆ ಒಂದು ಅಂಕ ಕೊಡು. ಉಳಿದ ಅಂಕಗಳನ್ನು ಅವನು ಭಾನುವಾರ ಹಿತ್ತಲಿನ ಒಲೆಯ ಮುಂದೆ ಗಳಿಸಿಕೊಳ್ಳಬೇಕು.

ಹೌದು ಅಣ್ಣಾ, ಅವನಿಗೂ ಮಡಕೆಯ ಪರೀಕ್ಷೆ ಮಾಡು. ಗಂಡಾಗಲಿ ಹೆಣ್ಣಾಗಲಿ, ನಮ್ಮ ಮನೆಗೆ ಹೊಸದಾಗಿ ಸೇರುವವರು ಹಿತ್ತಲಿನಲ್ಲಿ ಬೇಯುತ್ತಿರುವ ಆಯಿಲ್‌ಡೌನ್ ಮಡಕೆಯ ಮುಂದೆ ಕೂರಲೇಬೇಕು, ತೆಂಗಿನ ಹಾಲು ಬತ್ತಿ ಎಣ್ಣೆ ಇಳಿಯುವವರೆಗೂ ಮುಚ್ಚಳ ಎತ್ತಬಾರದು, ಸೌಟು ಆಡಿಸಬಾರದು, ಎದುರಿಗೆ ಮನೆಯ ಹಿರಿಯರೊಬ್ಬರು ಕೂತು ನೋಡುತ್ತಿರಬೇಕು, ಉಳಿದವರು ಮನೆ ಮುಂದೆ ಡಾಮಿನೋ ಆಡಿಕೊಂಡಿರಬೇಕು ಎಂಬ ಅಜ್ಜಿಯ ಕಟ್ಟಳೆಯನ್ನು ನನಗೋಸ್ಕರ ಮುರಿ ಎಂದು ನಾನು ಕೇಳುವುದಿಲ್ಲ. ನನ್ನನ್ನು ನೋಡಲು ಬಂದಿದ್ದ ಆ ಮೇಷ್ಟರ ನೆನಪಿದೆಯೇ? ಬಿಳಿ ಷರಟು, ಎದೆಯ ಜೇಬಿನಲ್ಲಿ ಎರಡು ಪೆನ್ನು. ‘ಎಷ್ಟು ಬೆಂದಿದೆ ಅಂತ ನೋಡೋಣ’ ಎಂದು ಮುಚ್ಚಳ ಎತ್ತಿದ. ಅಜ್ಜಿ ಜಗಳವಾಡಲಿಲ್ಲ. ಹೊಟ್ಟೆ ತುಂಬ ಬಡಿಸಿ, ಬಾಗಿಲವರೆಗೂ ಹೋಗಿ ಕಳಿಸಿ, ಒಳಗೆ ಬಂದು ಹೇಳಿದಳು: ‘ಮುಚ್ಚಿದ್ದನ್ನ ಮುಚ್ಚಿದ ಹಾಗೇ ಇಡೋಕಾಗದೋನು ಮನೆ ಗುಟ್ಟು ಏನು ಕಾಯ್ತಾನೆ? ಬೇಡ ಕಣೇ.’ ನನಗೆ ಬೇಜಾರೇನೂ ಆಗಲಿಲ್ಲ, ಅವನ ಪೆನ್ನುಗಳೆರಡೂ ಸೋರುತ್ತಿದ್ದವು. ನಿನ್ನ ಫಿಲೋಮಿನ್ ಗೆದ್ದ ಬಗೆಯಂತೂ ನಮ್ಮ ವಿಕ್ಟೋರಿಯಾ ಊರಿಗೆಲ್ಲ ಗೊತ್ತು. ಒಲೆಯ ಮುಂದೆ ಕೂತ ಕೂಡಲೇ ಅತ್ತಿಗೆಗೆ ನಿದ್ದೆ ಬಂತು, ಎಚ್ಚರವಾಗುವ ಹೊತ್ತಿಗೆ ಎಣ್ಣೆ ಇಳಿದಿತ್ತು. ‘ಇಂಥ ತಾಳ್ಮೆ ನಾನು ಎಲ್ಲೂ ಕಂಡಿಲ್ಲ’ ಎಂದು ಅಜ್ಜಿ ಊರೆಲ್ಲ ಹೊಗಳಿಕೊಂಡು ಬಂದಳು. ಅಜ್ಜಿಯ ಜಾಗದಲ್ಲಿ ನೀನು ಕೂತ ಮೇಲೆ ಅವಳನ್ನೂ ಮೀರಿಸಿದೆ ಎಂದು ಕೇಳಿದ್ದೇನೆ. ನಿನ್ನ ಮಗಳನ್ನು ಕೇಳಿಕೊಂಡು ಬಂದ ಬಡಗಿ ಮುಚ್ಚಳವನ್ನು ಬೆರಳಿನಷ್ಟು ಎತ್ತಿ ಬರೀ ವಾಸನೆ ನೋಡಿದ್ದಕ್ಕೆ ವಾಪಸ್ ಕಳಿಸಿದೆಯಂತೆ. ಇದನ್ನು ಹರಿಲಾಲನಿಗೆ ಹೇಳಿದಾಗ ಪಾಪ, ಬಾಯಿಗಿಟ್ಟ ಎಳನೀರನ್ನು ಕೆಳಗಿಟ್ಟ.

ಅಣ್ಣಾ, ಆಯಿಲ್‌ಡೌನ್ ಎಂದು ಬರೆಯುವಾಗಲೇ ಬಾಯಲ್ಲಿ ನೀರೂರುತ್ತದೆ. ಇಲ್ಲಿ ಎಷ್ಟು ವರ್ಷ ಕಳೆದರೂ ನನ್ನ ನಾಲಿಗೆ ಹಡಗು ಹತ್ತಲಿಲ್ಲ, ಅಲ್ಲೇ ನಿಮ್ಮ ಹಿತ್ತಲಿನಲ್ಲಿ ಉಳಿದಿದೆ. ನೀನು ದೀವಿಹಲಸಿನ ಮರ ಹತ್ತಿ ಕೋಲಿನಿಂದ ಕಾಯಿ ತಿರುಚುತ್ತಿದ್ದೆ. ನಾನು ಕೆಳಗೆ ಗೋಣಿಚೀಲ ಹಿಡಿದು ಆಚೀಚೆ ಓಡುತ್ತಿದ್ದೆ. ‘ಆಕಾಶ ನೋಡೇ ಲಾಲೀ, ನೆಲ ನೋಡಿದ್ರೆ ಕಾಯಿ ತಲೆ ಮೇಲೆ ಬೀಳುತ್ತೆ!’ ಎಂದು ನೀನು ಮೇಲಿನಿಂದ ಕಿರುಚುತ್ತಿದ್ದೆ. ಒಮ್ಮೆ ಬಿತ್ತು ಕೂಡ, ಆದರೆ ಅದು ನಿನ್ನ ತಪ್ಪು, ನನ್ನದಲ್ಲ. ಆಮೇಲೆ ಅಜ್ಜಿ ಮಡಕೆ ತುಂಬಿಸುವುದನ್ನು ನೋಡುವುದೇ ಒಂದು ಹಬ್ಬ. ಅಡಿಯಲ್ಲಿ ಉಪ್ಪು ಹಾಕಿದ ಹಂದಿ ಬಾಲ, ಅದರ ಮೇಲೆ ದೀವಿಹಲಸಿನ ಹೋಳು, ಸಂದುಗಳಲ್ಲಿ ಬಾಳೆಕಾಯಿ, ಅಂಗೈಯಲ್ಲಿ ಉದ್ದಕ್ಕೆ ಹೊಸೆದ ಹಿಟ್ಟಿನ ಕಡುಬು. ಅರಿಶಿನ ಕಲಸಿದ ತೆಂಗಿನ ಹಾಲನ್ನು ಸುತ್ತ ಹುಯ್ದು, ಎಲ್ಲದರ ಮೇಲೆ ಕೆಸುವಿನ ಎಲೆ ಹೊದಿಸಿ, ನಡುವೆ ಒಂದೇ ಒಂದು ಇಡೀ ಮೆಣಸಿನಕಾಯಿ ಕೂರಿಸುತ್ತಿದ್ದಳು. ಮಗುವಿಗೆ ಹೊದಿಕೆ ಹೊದಿಸಿದ ಹಾಗೆ ಅಂಚುಗಳನ್ನೆಲ್ಲ ಒತ್ತಿ ಮುಚ್ಚಳ ಹಾಕುತ್ತಿದ್ದಳು. ಬೀದಿಯವರು ಯಾರೂ ಬರಿಗೈಯಲ್ಲಿ ಬರುತ್ತಿರಲಿಲ್ಲ. ಒಬ್ಬರು ತೆಂಗಿನಕಾಯಿ ತಂದರೆ ಇನ್ನೊಬ್ಬರು ಎಲೆ ತರುವರು, ಏನೂ ಇಲ್ಲದವರು ಒಂದು ಹೊರೆ ಸೌದೆಯನ್ನಾದರೂ ತಂದು ಹಾಕುವರು. ಬೇಯುತ್ತಿರುವ ಮಡಕೆಯಲ್ಲಿ ಎಲ್ಲರ ಪಾಲೂ ಇರುತ್ತಿತ್ತು, ಅದಕ್ಕೇ ಎಲ್ಲರ ಕಣ್ಣೂ ಅದರ ಮೇಲೆ.

ಕಿವಿಯಿಂದ ಅಡುಗೆ ನೋಡುವುದನ್ನು ನನಗೆ ಕಲಿಸಿದವನು ನೀನು. ನಾವಿಬ್ಬರೂ ಒಲೆಯ ಪಕ್ಕ ನೆಲಕ್ಕೆ ಕೆನ್ನೆ ಹಚ್ಚಿ ಮಲಗುತ್ತಿದ್ದೆವು. ‘ಗುಳುಗುಳು ಅಂತಿದ್ರೆ ಇನ್ನೂ ಹಾಲಿದೆ. ಚುಯ್ ಅಂದ್ರೆ ಹಾಲು ಹೋಗಿ ಎಣ್ಣೆ ಬಂದಿದೆ. ಆಗ ಓಡಬೇಕು’ ಎಂದು ನೀನು ಹೇಳುತ್ತಿದ್ದೆ. ನಾನು ಪ್ರತಿ ಸಲವೂ ಗುಳುಗುಳು ಅನ್ನುವಾಗಲೇ ‘ಚುಯ್ ಚುಯ್’ ಎಂದು ಕೂಗಿ ಬೈಸಿಕೊಳ್ಳುತ್ತಿದ್ದೆ. ಒಲೆ ಕಾದವರಿಗೆ ಮಡಕೆಯ ತಳದಲ್ಲಿ ಕೆಂಪಗೆ ಹತ್ತಿಕೊಂಡ ಪದರ ಸಿಗುತ್ತಿತ್ತು. ನೀನು ಅದನ್ನು ಚಾಕುವಿನಿಂದ ಎಬ್ಬಿಸಿ ದೊಡ್ಡ ತುಂಡನ್ನು ನನಗೆ ಕೊಟ್ಟು, ‘ನಂಗೆ ಅದು ಸೇರಲ್ಲ’ ಎನ್ನುತ್ತಿದ್ದೆ. ಸುಳ್ಳುಗಾರ. ಮೊನ್ನೆ ಮೊನ್ನೆಯವರೆಗೂ ಅದನ್ನು ನಾನು ನಂಬಿದ್ದೆ.

ಇಲ್ಲಿಯೂ ದೀವಿಹಲಸು ಸಿಗುತ್ತದೆ, ತೆಂಗು ಸಿಗುತ್ತದೆ, ಎಲ್ಲ ಸಿಗುತ್ತದೆ. ಆದರೆ ಮಾಡಿದಾಗೆಲ್ಲ ಏನೋ ಒಂದು ಕಡಿಮೆ. ಅಜ್ಜಿ ಹೇಳಿದಂತೆಯೇ ತುಂಬಿಸಿದೆ, ಅವಳು ಹೇಳಿದಷ್ಟೇ ಉರಿ ಇಟ್ಟೆ, ಊರಿನ ಅರಿಶಿನ ತರಿಸಿ ಹಾಕಿದೆ. ಎಲ್ಲ ಸರಿಯಾಗಿರುತ್ತಿತ್ತು, ಬಾಯಿಗೆ ಇಟ್ಟರೆ ಅದಲ್ಲ. ಪಕ್ಕದ ಮನೆಯವಳು ಗೋಡೆಯಾಚೆಯಿಂದ ಇಣುಕಿ ಕೇಳುತ್ತಿದ್ದಳು: ‘ಏನ್ರೀ ಸಣ್ಣ ದ್ವೀಪದೋರು, ಮತ್ತೆ ಅದೇ ಮಡಕೇನಾ? ನಿಮ್ಮೂರಲ್ಲಿ ಇನ್ನೊಂದು ಪಾತ್ರೆ ಇಲ್ವಾ?’ ‘ಇದೆ ಕಣಮ್ಮ, ಇಣುಕೋರ ತಲೆ ಮೇಲೆ ಸುರಿಯೋಕೆ ಇಟ್ಕೊಂಡಿದ್ದೀವಿ’ ಎನ್ನುತ್ತಿದ್ದೆ. ಈಗ ನಾವಿಬ್ಬರೂ ಒಳ್ಳೆಯ ಸ್ನೇಹಿತರು. ಆದರೆ ಒಳಗೆ ಹೋಗಿ ಒಬ್ಬಳೇ ಊಟಕ್ಕೆ ಕೂತಾಗ ಸಂಕಟವಾಗುತ್ತಿತ್ತು, ಅಣ್ಣಾ. ಅಜ್ಜಿ ಹೋದಳು, ಅವಳ ಕೈರುಚಿಯೂ ಹೋಯಿತು, ಇನ್ನು ಆ ರುಚಿ ಈ ಜನ್ಮದಲ್ಲಿ ಇಲ್ಲ ಎಂದುಕೊಂಡೇ ದಿನ ದೂಡಿದೆ.

ಹೀಗಿರುವಾಗ ಈಸ್ಟರ್ ಕಳೆದ ಮೇಲೆ ಒಂದು ಭಾನುವಾರ ಹರಿಲಾಲ್ ತೆಂಗಿನಕಾಯಿ ಕೊಡಲು ಬಂದ. ವಾರವಾರ ಬರುತ್ತಿದ್ದ, ಆ ದಿನ ಕಾಯಿ ತುರಿದು ಹಾಲನ್ನೂ ಹಿಂಡಿಕೊಟ್ಟ. ಇಷ್ಟು ಮಾಡಿದವನನ್ನು ಹಾಗೇ ಕಳಿಸುವುದು ಹೇಗೆ, ಊಟ ಮಾಡಿಕೊಂಡು ಹೋಗು ಎಂದೆ. ಮಡಕೆ ಒಲೆಯ ಮೇಲಿಟ್ಟು, ಒಂದು ಫ್ರಾಕಿನ ಅಂಚು ಹೊಲಿಯಲು ಒಳಗೆ ಹೋದೆ. ‘ಸ್ವಲ್ಪ ಒಲೆ ನೋಡ್ಕೊಂಡಿರಿ’ ಎಂದು ಹೇಳಿ ಹೋದದ್ದೇ ತಪ್ಪಾಯಿತು. ಹೊರಗೆ ಬಂದು ನೋಡಿದರೆ ಮುಚ್ಚಳ ನೆಲದ ಮೇಲೆ, ಈ ಮನುಷ್ಯ ತೋಳು ಮೇಲಕ್ಕೆ ಮಡಿಸಿಕೊಂಡು, ಸೌಟನ್ನು ಎರಡೂ ಕೈಯಲ್ಲಿ ಹಿಡಿದು ಭರ್ಜರಿಯಾಗಿ ತಿರುವುತ್ತಿದ್ದಾನೆ! ಕಡುಬುಗಳು ಮುರಿದು ಹಿಟ್ಟಾಗಿವೆ, ಕೆಸುವಿನ ಎಲೆ ತಳ ಸೇರಿದೆ, ದೀವಿಹಲಸು ಎಲ್ಲಿದೆ ಎಂದು ಹುಡುಕಬೇಕು. ನಾನು ಕಿರುಚಿದ ಕಿರುಚಿಗೆ ಬೀದಿಯ ನಾಯಿಗಳೆಲ್ಲ ಎದ್ದು ನಿಂತವು. ‘ಅಯ್ಯೋ ನಿಮ್ಮ ಕೈ ಸೇದಿಹೋಗ! ಏನ್ ಮಾಡಿಬಿಟ್ರಿ ಇದು?’ ಎಂದೆ. ಅವನು ಬೆಪ್ಪಾಗಿ ನಿಂತು, ‘ತಳ ಹತ್ತುತ್ತೆ ಅಂತ ಕಲಕಿದೆ, ಮಿಸ್ ಲಾಲಿ. ಒಲೆ ಮುಂದೆ ಸುಮ್ನೆ ಕೂತ್ರೆ ನಮ್ಮಮ್ಮ ಅದೇ ಸೌಟಲ್ಲಿ ಬಾರಿಸ್ತಿದ್ಲು’ ಎಂದ. ಮೂರು ಹೊತ್ತೂ ಮಸಾಲೆ ಹುರಿದು ತಿರುವುವ ಮನೆಯಲ್ಲಿ ಬೆಳೆದವನು. ಅಮ್ಮಂದಿರು ಒಬ್ಬೊಬ್ಬರು ಒಂದೊಂದು ಕಲಿಸಿರುತ್ತಾರೆ, ಏನು ಮಾಡುವುದು?

ಸಿಟ್ಟಿನಲ್ಲೇ ಇಬ್ಬರಿಗೂ ಬಡಿಸಿದೆ. ಬಡಿಸಿದೆ ಎನ್ನುವುದಕ್ಕಿಂತ ತಟ್ಟೆಗೆ ಸುರಿದೆ. ಹಳದಿಯೂ ಅಲ್ಲದ ಹಸಿರೂ ಅಲ್ಲದ ಗಂಜಿ. ಒಂದು ಚಮಚ ಬಾಯಿಗಿಟ್ಟೆ ಅಣ್ಣಾ, ಅಷ್ಟೇ. ಕಣ್ಣಲ್ಲಿ ದಳದಳ ನೀರು ಬಂತು. ಅವನು ಗಾಬರಿಯಾಗಿ, ‘ಮೆಣಸಿನಕಾಯಿ ಒಡೆದುಹೋಯ್ತಾ? ಒಡೆದುಹೋಯ್ತು ಅಲ್ವಾ?’ ಎನ್ನುತ್ತ ಓಡಿಹೋಗಿ ಎಳನೀರು ಕೆತ್ತಿಕೊಂಡು ಬಂದ. ಒಡೆದದ್ದು ನಿಜ, ಅವನ ಕಣ್ಣೂ ಸುರಿಯುತ್ತಿತ್ತು. ನಾನು ಖಾರದ ನೆಪದಲ್ಲಿ ಮನಸ್ಸು ತುಂಬ ಅತ್ತೆ. ನಾನು ಅತ್ತದ್ದು ಮೆಣಸಿಗಲ್ಲ. ಇಷ್ಟು ವರ್ಷ ಹುಡುಕಿದ ರುಚಿ ಆ ಗಂಜಿಯಲ್ಲಿ ಇತ್ತು.

ನಿನಗೆ ನೆನಪಾಯಿತು ತಾನೇ? ಅಮ್ಮ ತೀರಿಕೊಂಡ ವರ್ಷ. ನಿನಗೆ ಹನ್ನೆರಡು, ನನಗೆ ಆರು. ಅಜ್ಜಿ ಮಡಕೆಯನ್ನು ಒಲೆಯ ಮೇಲಿಟ್ಟು, ‘ಇಬ್ರೂ ಕಾಯ್ತಿರಿ, ಮುಚ್ಚಳ ಮುಟ್ಟಿದ್ರೆ ಜೋಕೆ’ ಎಂದು ಹೇಳಿ ಸಾವಿನ ಮನೆಯ ಪ್ರಾರ್ಥನೆಗೆಂದು ಆಚೆ ಊರಿಗೆ ಹೋಗಿದ್ದಳು. ಮಳೆ ಬಂದು ಸೌದೆ ನೆಂದಿತ್ತು, ಬರೀ ಹೊಗೆ. ನಾನು ಹಸಿವು ಎಂದು ಅಳಲು ಶುರುಮಾಡಿದವಳು ಅಮ್ಮ ಬೇಕು ಎಂದು ಅಳತೊಡಗಿದೆ, ನಿಲ್ಲಿಸಲೇ ಇಲ್ಲ. ನೀನು ಕೋತಿಯ ಹಾಗೆ ಕುಣಿದು ತೋರಿಸಿದೆ, ಹಾಡು ಹೇಳಿದೆ, ಬೈದೆ, ಕೊನೆಗೆ ನೀನೂ ಅಳುವ ಹಾಗಾಗಿ ಎದ್ದು ಹೋಗಿ ಮುಚ್ಚಳ ಎತ್ತಿದೆ. ಬೇಗ ಬೇಯಲಿ ಎಂದು ಸೌಟು ಹಾಕಿ ತಿರುವಿದೆ, ಕಡುಬು ಬಾಳೆಕಾಯಿ ಎಲ್ಲ ಒಂದಾಗುವವರೆಗೂ ತಿರುವಿದೆ. ಊದಿ ಊದಿ ನನ್ನ ಬಾಯಿಗಿಟ್ಟೆ. ‘ಇದು ರಾಜರ ಮನೇಲಿ ಮಾಡೋ ರೀತಿ. ಅಜ್ಜಿಗೆ ಗೊತ್ತಿಲ್ಲ, ಹೇಳಬೇಡ’ ಎಂದೆ. ಹಿತ್ತಲಿನ ಮೂಲೆಗೆ ಓಡಿ ಹೊಸ ಕೆಸುವಿನ ಎಲೆ ಕೊಯ್ದು ತಂದು ಆ ಗಂಜಿಯ ಮೇಲೆ ಚೆಂದವಾಗಿ ಹೊದಿಸಿ ಮುಚ್ಚಳ ಹಾಕಿದೆ. ಅಜ್ಜಿ ಬಂದು ಎಲೆ ಸರಿಸಿ ನೋಡಿ, ‘ಯಾರೋ ಮುಚ್ಚಳ ಎತ್ತಿದ್ದು?’ ಎಂದಾಗ ನೀನು ಹೇಳಿದ್ದು ಏನು? ‘ಕೋಳಿ ಅಜ್ಜೀ!’ ನನ್ನ ಕೆನ್ನೆಯ ಮೇಲೆಲ್ಲ ಅರಿಶಿನ. ಅಜ್ಜಿ ನನ್ನನ್ನು ನೋಡಿದಳು, ನಿನ್ನನ್ನು ನೋಡಿದಳು. ಆಮೇಲೆ ಬೆನ್ನು ತಿರುಗಿಸಿ, ಒಂದು ಕಡ್ಡಿ ಎತ್ತಿಕೊಂಡು, ‘ಹುಶ್, ಹಾಳಾದ ಕೋಳಿಗಳಾ, ಹುಶ್!’ ಎನ್ನುತ್ತ ಹಿತ್ತಲಿನ ಕೋಳಿಗಳನ್ನೆಲ್ಲ ಅಟ್ಟುತ್ತ ಹೋದಳು. ಬಹಳ ಹೊತ್ತು ಅಟ್ಟಿದಳು. ಆಮೇಲೆ ಮೂವರೂ ಕೂತು ಉಂಡೆವು.

ಇಲ್ಲಿ ಕೂತು ನಾನು ಹಂಬಲಿಸಿದ್ದು ಅಜ್ಜಿಯ ಕೈರುಚಿಗಲ್ಲ ಅಣ್ಣಾ, ನಿನ್ನದಕ್ಕೆ. ಅದು ಗೊತ್ತಾಗಲು ಒಬ್ಬ ಎಳನೀರಿನವನು ಬಂದು ಮಡಕೆ ಕೆಡಿಸಬೇಕಾಯಿತು. ಆ ಭಾನುವಾರದಿಂದ ನನಗೆ ಅವನ ಮೇಲೆ ಪ್ರೀತಿ, ಬೇರೆ ಯಾವ ಕಾರಣವನ್ನೂ ನಾನು ಹೇಳಲಾರೆ.

ಅವನಿಗೆ ನಮ್ಮ ಕಟ್ಟಳೆಯನ್ನೆಲ್ಲ ಹೇಳಿದ್ದೇನೆ. ಅಂದಿನಿಂದ ಭಾನುವಾರ ಬಂತೆಂದರೆ ಬಂದು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಒಲೆಯ ಮುಂದೆ ಕೂತು ಅಭ್ಯಾಸ ಮಾಡುತ್ತಾನೆ. ಒಂದು ವಾರ ಗೆಲ್ಲುತ್ತಾನೆ, ಒಂದು ವಾರ ಸೋಲುತ್ತಾನೆ. ಸೋತಾಗ ‘ನಾನಲ್ಲ ಮಿಸ್ ಲಾಲಿ, ಕೈ ತಾನಾಗೇ ಹೋಗುತ್ತೆ’ ಎನ್ನುತ್ತಾನೆ. ಈ ಭಾನುವಾರ ಯಾವ ವಾರವೋ ದೇವರಿಗೇ ಗೊತ್ತು. ಏನಾದರೂ ಆಗಲಿ, ನೀನು ಪದ್ಧತಿಯಂತೆ ನಡೆದುಕೋ. ರಿಯಾಯಿತಿ ಬೇಡ. ಹಂದಿ ಆಗುತ್ತದೆ, ದನದ ಮಾಂಸ ಮಾತ್ರ ಅವನು ತಿನ್ನುವುದಿಲ್ಲ; ಅದರ ಬದಲು ಮಡಕೆಗೆ ಉಪ್ಪುಮೀನು ಹಾಕಲು ಅತ್ತಿಗೆಗೆ ಹೇಳು. ಕಾಯಿ ತುರಿಯುವ ಕೆಲಸ ಅವನಿಗೇ ಕೊಡು, ಅವನ ವೇಗ ನೋಡಿ ನೀನು ಬೆರಗಾಗುತ್ತೀಯ.

ಅತ್ತಿಗೆಗೆ ಒಂದು ಹೂವಿನ ಕುಪ್ಪಸ ಹೊಲಿದು ಕಳಿಸಿದ್ದೇನೆ. ಬಿಗಿಯಾದರೆ ಪಕ್ಕದ ಹೊಲಿಗೆ ಬಿಡಿಸಿಕೊಳ್ಳಲಿ, ಒಳಗೆ ಬಟ್ಟೆ ಬಿಟ್ಟಿದ್ದೇನೆ. ಮಗಳಿಗೆ, ಬೀದಿಯವರೆಲ್ಲರಿಗೆ ನನ್ನ ನೆನಪು ಹೇಳು. ಅಮ್ಮನ, ಅಜ್ಜಿಯ ಗೋರಿಗಳ ಮೇಲೆ ನನ್ನ ಹೆಸರಿನಲ್ಲಿ ಒಂದೊಂದು ಮೇಣದಬತ್ತಿ ಹಚ್ಚು. ದೇವರು ನಿನ್ನ ದೋಣಿಯನ್ನೂ ಮೊಣಕಾಲನ್ನೂ ಕಾಯಲಿ.

ನಿನ್ನ ಸೊಟ್ಟ ಜಡೆಯ ತಂಗಿ,
ಲಾಲಿ

ಮತ್ತೊಂದು ಮಾತು: ಹಡಗಿಗೆ ಹೊತ್ತಾಯಿತೆಂದು ಅವನು ಗೇಟಿನಲ್ಲಿ ನಿಂತು ಕೂಗುತ್ತಿದ್ದಾನೆ, ಸೂಜಿಗೆ ದಾರ ಪೋಣಿಸಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ರಿಯಾಯಿತಿ ಬೇಡ ಎಂದು ಮೇಲೆ ಬರೆದದ್ದು ಅತ್ತಿಗೆಗೆ ಓದಿ ಹೇಳುವುದಕ್ಕೆ. ಇದೂ, ಮೇಲಿನ ಆ ಗಂಜಿಯ ಕತೆಯೂ ನಿನಗೊಬ್ಬನಿಗೇ. ನೀನು ಮುಚ್ಚಳ ಎತ್ತಿದ್ದನ್ನು ನಾನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ, ಅಜ್ಜಿ ಸಾಯುವಾಗ ಅವಳ ಕಿವಿಯಲ್ಲಿ ಕೂಡ ಹೇಳಲಿಲ್ಲ. ಭಾನುವಾರ ನೀವಿಬ್ಬರೇ ಕೂತಿರುವಾಗ ಹರಿಲಾಲನ ಕೈ ತಾನಾಗೇ ಮುಚ್ಚಳದ ಕಡೆ ಹೋಯಿತು ಅನ್ನು. ಆಗ ನೀನು ಬೆನ್ನು ತಿರುಗಿಸಿ ಎದ್ದು ಹೋಗಿ, ಬಹಳ ಹೊತ್ತು ಕೋಳಿ ಅಟ್ಟು ಅಣ್ಣಾ.